ಪೆನ್‌ಡ್ರೈವ್ ತಂದವನಿಗೆ ನೆನಪಿನ ಪಟ್ಟಿ ತಂದವನ ಪತ್ರ

ಮೂರು ಹೆಸರುಗಳಲ್ಲಿ ಒಬ್ಬನೇ ಆಗಿರುವ ದೇವರನ್ನು ಮೊದಲು ನೆನೆದು, ಆತನನ್ನು ಹೊತ್ತ ತಾಯಿಯ ಮರೆಹೊಕ್ಕು, ಗೋರ್ಗೋರದ ಕಾವಲುಗಾರನಾದ ದೇವದೂತ ಮಿಕಾಯೇಲನ ರೆಕ್ಕೆಯ ನೆರಳಿನಲ್ಲಿ ಕುಳಿತು ಈ ಪತ್ರವನ್ನು ಆರಂಭಿಸುತ್ತೇನೆ. ಲೋಕ ಉಂಟಾದ ಏಳು ಸಾವಿರದ ಐನೂರ ಮೂರನೆಯ ವರ್ಷ, ನಮ್ಮ ಸಭೆಯ ಪಂಚಾಂಗದಂತೆ ಕೃಪೆಯ ಎರಡು ಸಾವಿರದ ಮೂರನೆಯ ವರ್ಷ, ಸುವಾರ್ತಿಕ ಲೂಕನ ಪಾಲಿಗೆ ಬಂದ ವರ್ಷ. ಗಿನ್ಬೋತ್ ತಿಂಗಳ ಹನ್ನೊಂದು, ನಮ್ಮ ನಾಲಗೆಗಳಿಗೆ ರಾಗವನ್ನು ಕೊಟ್ಟ ಸಂತ ಯಾರೇದನ ಹಬ್ಬ.

ನನ್ನೊಡನೆ ಒಂದೇ ಕುರಿದೊಗಲನ್ನು ಹೊದ್ದು ಬೆಳೆದವನೂ, ಇಂದು ಗೊಂದರಿನಲ್ಲಿ ನಮ್ಮ ಗುರು ಯೆನೇತಾ ಗೆಬ್ರೆ ಅಬ್ ಅವರ ಪೀಠವನ್ನೇರುತ್ತಿರುವವನೂ ಆದ ದೇವಾಲಯದ ಹಾಡುಗುರು ಮೆರಿಗೇತ ಲಿಸಾನೆ ವರ್ಕನಿಗೆ, ಗೋರ್ಗೋರದಲ್ಲೇ ಉಳಿದ ಮೆರಿಗೇತ ವೊಲ್ದೆ ತಿನ್ಸಾಯೆಯ ನಮಸ್ಕಾರಗಳು.

ಹೇಗಿದ್ದೀಯೆ? ರಾತ್ರಿ ಹೇಗೆ ಕಳೆಯಿತು? ಮನೆಯವರು ಹೇಗಿದ್ದಾರೆ, ಕಣ್ಣಿನ ನೋವು ಹೇಗಿದೆ, ಗೊಂದರಿನ ಚಳಿ ಎದೆಗೆ ಇಳಿಯಲಿಲ್ಲವಷ್ಟೆ? ಪ್ರತಿಯೊಂದಕ್ಕೂ ‘ದೇವರಿಗೆ ಸ್ತೋತ್ರ’ ಎಂದು ನೀನು ಉತ್ತರಿಸುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನಾನೂ ಕ್ಷೇಮ. ಮೊಣಕಾಲು ನೋಯುತ್ತಿದೆ, ಆದುದರಿಂದ ನಿನ್ನ ಪೀಠಾರೋಹಣಕ್ಕೆ ಬರಲಾರೆ ಎಂದು ಹೇಳಿದ್ದೆನಲ್ಲವೆ? ಮೊಣಕಾಲು ನೆಟ್ಟಗಿದೆ. ಇಂದು ಮುಂಜಾನೆ ಅದೇ ಕಾಲಿನಲ್ಲಿ ಸರೋವರದ ದಂಡೆಯವರೆಗೂ ನಡೆದು ಹಿಂತಿರುಗಿ ಬಂದೆ. ಬಾಗಿಲಲ್ಲಿ ಕುಳಿತಿದ್ದ ನನ್ನ ಹೆಂಡತಿ ಅಸ್ನಾಕೆಚ್ ಕಾಫಿಬೀಜ ಹುರಿಯುತ್ತಲೇ ಕೇಳಿದಳು: “ಅಲ್ಲಾ ಮೆರಿಗೇತಾ, ಕೆರೆ ಕಡೆಗೆ ಹೋಗೋಕೆ ನೋಯದ ಕಾಲು ಗೊಂದರಿನ ಬಸ್ಸು ಹತ್ತೋಕೆ ಮಾತ್ರ ನೋಯುತ್ತಾ? ನೋವು ಕಾಲಲ್ಲಿಲ್ಲ, ಇನ್ನೊಂದು ಸ್ವಲ್ಪ ಮೇಲಿದೆ.” ಅವಳು ಬೀಜದ ಹೊಗೆಯನ್ನು ನನ್ನ ಮುಖದ ಕಡೆಗೆ ಬೀಸಿ, ಆಶೀರ್ವಾದ ತೆಗೆದುಕೊಳ್ಳಿರಿ ಎಂಬಂತೆ ನಕ್ಕಳು.

ನೋವು ಮೇಲಿದೆ, ನಿಜ. ಆ ಪೀಠದಲ್ಲಿ ನೀನು ಕುಳಿತಿರುವುದನ್ನು ನೋಡಲಾರೆ. ಅದು ಎಲ್ಲಿಂದ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ನಿನಗೆ ಹೇಳದೆ ಮತ್ತಾರಿಗೆ ಹೇಳಲಿ?

ಕುರಿದೊಗಲು ಹೊದ್ದು ಮನೆಮನೆಯ ಬಾಗಿಲಿಗೆ ಹೋಗಿ ಭಿಕ್ಷೆ ಬೇಡುತ್ತಿದ್ದ ಆ ವಿದ್ಯಾರ್ಥಿದೆಸೆ ನಿನಗೆ ನೆನಪಿರಬೇಕು. ಮರಿಯಮ್ಮನ ಹೆಸರೆತ್ತಿ ನೀನು ಕೂಗಿದರೆ ಹೆಂಗಸರು ಒಳಗಿನಿಂದ ಇಡಿಯ ಇಂಜೆರಾ ರೊಟ್ಟಿಯನ್ನೇ ತರುತ್ತಿದ್ದರು. ನಾನು ಕೂಗಿದರೆ ಹಿಂದಿನ ದಿನದ ಅಂಚು ಬೀಳುತ್ತಿತ್ತು. ನನ್ನ ಕಾಲಿಗೆ ಹಲ್ಲು ಹಾಕುತ್ತಿದ್ದ ನಾಯಿಗಳು ನಿನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತಿದ್ದವು. ಸಂಜೆ ಇಬ್ಬರ ಭಿಕ್ಷೆಯನ್ನೂ ಒಂದೇ ಬಟ್ಟೆಯ ಮೇಲೆ ಸುರಿದು ನೀನು ಸಮನಾಗಿ ಹಂಚುತ್ತಿದ್ದೆ. ಆ ಸಮಪಾಲೇ ನನಗೆ ಹೆಚ್ಚು ಉರಿಯುತ್ತಿತ್ತೆಂದರೆ ನಂಬುವೆಯಾ? ಒಂದು ದಿನವಾದರೂ ನೀನು ಕದ್ದು ತಿಂದಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಪಾಠದಲ್ಲೂ ಹಾಗೆಯೇ. ವರ್ಷದ ಹಬ್ಬಹಬ್ಬದ ವಾಚನಗಳಿಗೆ ಯೆನೇತಾ ವ್ಯಾಖ್ಯಾನ ಹೇಳುವಾಗ ನೀನು ಒಂದೇ ಬಾರಿಗೆ ಹಿಡಿಯುತ್ತಿದ್ದೆ. ನಿನ್ನ ಎಡಗಡೆಯಲ್ಲಿ ಕುಳಿತ ನಾನು ಅದೇ ವಾಕ್ಯವನ್ನು ತೋಟದ ಬೇಲಿಗೂ, ಬಾವಿಗೂ, ಹಾಸಿಗೆಗೂ ಹೇಳಿ ಹೇಳಿ ಗಟ್ಟಿಮಾಡಬೇಕಾಗಿತ್ತು. “ಲಿಸಾನೆ ಹಕ್ಕಿ ಕಣಯ್ಯಾ, ಕಾಳು ಕಂಡಲ್ಲಿ ಕುಕ್ಕಿ ಹಾರ್ತಾನೆ. ನೀನು ಎತ್ತು. ತಿಂದಿದ್ದನ್ನ ಮೂಲೇಲಿ ಮಲಗಿ ಅಗೀತಿರು” ಎಂದು ಯೆನೇತಾ ಎಲ್ಲರೆದುರು ನನಗೆ ಹೇಳಿದ್ದು, ಕುಳಿತವರೆಲ್ಲ ನಕ್ಕದ್ದು, ನೀನೊಬ್ಬನೇ ನಗದೆ ತಲೆ ತಗ್ಗಿಸಿದ್ದು, ಎಲ್ಲವೂ ಇಂದಿಗೂ ನನ್ನ ಕಣ್ಣ ಮುಂದಿದೆ.

ಅವರ ಕ್ರಮ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಏಕೆಂದರೆ ಈ ಪತ್ರದ ಕೊನೆ ಅದರ ಮೇಲೆಯೇ ನಿಂತಿದೆ. ‘ಒಬ್ಬರು ಹೀಗೆನ್ನುವರು’ ಎಂದು ಮೊದಲ ಅರ್ಥ, ‘ಮತ್ತೊಬ್ಬರು ಹೀಗೆನ್ನುವರು’ ಎಂದು ಎರಡನೆಯ ಅರ್ಥ. ಅಲ್ಲಿಗೆ ನಿಲ್ಲಿಸಿ ನೊಣ ಓಡಿಸುವ ಚವರಿಯನ್ನು ತೊಡೆಯ ಮೇಲಿಟ್ಟು, “ಮೂರನೇದು ನಾಳೆ. ಬರೋವಾಗ ಸೌದೆ ತಗೊಂಡು ಬನ್ನಿ” ಎನ್ನುತ್ತಿದ್ದರು. ಮೂರನೆಯ ಅರ್ಥವನ್ನು ಬರೆದುಕೊಳ್ಳಲು ಯಾರಿಗೂ ಅಪ್ಪಣೆಯಿರಲಿಲ್ಲ. ಬರೆದುಕೊಂಡವನು ಮತ್ತೆ ಗುರುವಿನ ಬಾಗಿಲಿಗೆ ಬರುವುದಿಲ್ಲವೆಂಬುದು ಅವರ ಮಾತು. ಕೊನೆಯ ಕಾಯಿಲೆಯಲ್ಲಿ ಮಾತ್ರ ನಮ್ಮಿಬ್ಬರನ್ನೂ ಹಾಸಿಗೆಯ ಬಳಿಗೆ ಕರೆದು ಹೇಳಿದರು: “ನಾನು ಹೋದ್ಮೇಲೆ ಸೌದೆ ಯಾರಿಗೆ ತರ್ತೀರಿ? ಎಲ್ಲಾನೂ ಬರೆದಿಡ್ರಪ್ಪ.”

ಹೀಗೆ ಆ ಕೆಲಸ ನಮಗೆ ಬಂತು. ಯೆನೇತಾ ಅವರ ವ್ಯಾಖ್ಯಾನವೆಲ್ಲವೂ ಅಚ್ಚಿಗೆ ಸಿದ್ಧವಾಗಿ ಯಾರೇದನ ಹಬ್ಬದೊಳಗೆ ತಮ್ಮ ಕೈ ಸೇರಬೇಕು, ಅದನ್ನು ತಂದೊಪ್ಪಿಸಿದವನಿಗೆ ಬರಿದಾಗಿರುವ ಪೀಠ ಸಲ್ಲಬೇಕು ಎಂದು ಗೊಂದರಿನ ಧರ್ಮಾಧ್ಯಕ್ಷರು ತಿಳಿಸಿದರು. ‘ತಂದೊಪ್ಪಿಸಿದವನಿಗೆ’ ಎಂಬ ಏಕವಚನವನ್ನು ನಾವಿಬ್ಬರೂ ಗಮನಿಸಿದೆವು. ಇಬ್ಬರೂ ಗಮನಿಸದವರಂತೆ ಇದ್ದೆವು.

ನೀನು ಕಣ್ಣು ಮುಚ್ಚಿ ಬಾಯಿಂದ ಹೇಳುವುದು, ನಾನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುವುದು ಎಂದು ಹಂಚಿಕೊಂಡೆವು. ಯಾರೋ ಭಕ್ತರು ದೇವಾಲಯಕ್ಕೆ ಕೊಟ್ಟ ಆ ಹಳೆಯ ಕಂಪ್ಯೂಟರನ್ನು ನೆನೆದರೆ ಈಗಲೂ ನನ್ನ ಬೆರಳು ನೋಯುತ್ತದೆ. ನಾನು ಕೀಲಿಯೊತ್ತಿ, ಚವರಿ ಬೀಸಿ, ಕೆಮ್ಮಿ, ಮತ್ತೆ ಪರದೆ ನೋಡಿದರೆ ಅಕ್ಷರ ಆಗ ಬರುತ್ತಿತ್ತು. ನೀನು ನೋಹನ ನಾವೆಯನ್ನು ಕಟ್ಟಿ ಮುಗಿಸಿದಾಗ ಪರದೆಯ ಮೇಲೆ ಇನ್ನೂ ಮರ ಕಡಿಯುತ್ತಿದ್ದರು.

ಗೊಂದರಿನಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿರುವ ನಿನ್ನ ತಮ್ಮನ ಮಗಳು ಯೆಷಿಮೆಬೆತ್‌ಳನ್ನು ಕರೆಸಿದೆವು. ನಮ್ಮ ಮನೆಯಲ್ಲೇ ಕಾಫಿಗೆ ಕುಳಿತಿದ್ದೆವು. ನೀನು ಅವಳ ಕೈಯಲ್ಲಿದ್ದ ಪೆನ್‌ಡ್ರೈವನ್ನು ನೋಡಿ, “ಇದನ್ನ ಪಕ್ಕಕ್ಕೆ ಚುಚ್ಚಿದ್ರೆ ಓಡುತ್ತಂತೆ, ಹೌದೇನಮ್ಮ? ಹೊಟ್ಟೆ ಬಗೆಯೋದು ಬೇಡ” ಎಂದೆ. ನಾನು, “ಒಳಗೆ ನೆನಪು ಸಾಲದವನ ಕಿವಿಗೆ ಕಡ್ಡಿ ಸಿಕ್ಕಿಸಿದ್ರೆ ಪಾಠ ಬರುತ್ತೇನು? ರ‍್ಯಾಮ್ ಹಾಕ್ಸು, ನೆನಪಿನ ಪಟ್ಟಿ ಒಳಗೇ ಕೂರಲಿ” ಎಂದೆ. ಆ ಮಾತು ಕಂಪ್ಯೂಟರಿನ ಬಗ್ಗೆ ಮಾತ್ರ ಆಡಿದ್ದಲ್ಲ, ಕುಕ್ಕಿ ಹಾರುವ ಹಕ್ಕಿಯ ಬಗ್ಗೆಯೂ ಎಂದು ನಿನಗೂ ಹೊಳೆದಿರಬೇಕು, ನೀನು ಲೋಟದ ತಳ ನೋಡತೊಡಗಿದೆ.

ಯೆಷಿಮೆಬೆತ್ ಇಬ್ಬರನ್ನೂ ನೋಡಿ ನಕ್ಕು ಹೇಳಿದಳು: “ದೊಡ್ಡಪ್ಪಾ, ಮೆರಿಗೇತಾ, ಜಗಳ ಬೇಡ. ಈ ಯಂತ್ರಕ್ಕೆ ಒಲೆ ಪಕ್ಕ ಜಾಗ ಕಮ್ಮಿ. ಒಂದು ಹಿಡಿ ಹಿಟ್ಟು ಬೇಕಂದ್ರೂ ಹಿತ್ತಲ ಕಣಜಕ್ಕೆ ಓಡುತ್ತೆ. ಪೆನ್‌ಡ್ರೈವ್ ಅಂದ್ರೆ ಬಾಗಿಲ ಹತ್ರ ಒಂದು ಬುಟ್ಟಿ ಇಟ್ಟ ಹಾಗೆ, ಓಡಾಟ ಸ್ವಲ್ಪ ಉಳಿಯುತ್ತೆ. ರ‍್ಯಾಮ್ ಅಂದ್ರೆ ಒಲೆ ಪಕ್ಕದ ಜಾಗಾನೇ ದೊಡ್ಡದು ಮಾಡಿದ ಹಾಗೆ. ಅದು ಸಾಲದಿದ್ರೆ ಮಾತ್ರ ಬುಟ್ಟಿಯಿಂದ ಉಪಯೋಗ. ಸಾಕಷ್ಟಿದ್ರೆ ಬುಟ್ಟಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ.” ಒಲೆಯ ಬಳಿಯಿಂದ ಅಸ್ನಾಕೆಚ್, “ಇಷ್ಟು ವರ್ಷ ಓದಿದ ಇಬ್ಬರಿಗೆ ಇದನ್ನ ಅಡುಗೆಮನೆ ಭಾಷೇಲಿ ಹೇಳಬೇಕಾಯ್ತು ನೋಡು” ಎಂದಳು.

ಆ ದಿನ ಪೆನ್‌ಡ್ರೈವೇ ಗೆದ್ದಿತು, ಏಕೆಂದರೆ ಅದು ಯೆಷಿಮೆಬೆತ್‌ಳ ಚೀಲದಲ್ಲಿತ್ತು, ಪಟ್ಟಿಯನ್ನು ತರಿಸಬೇಕಾಗಿತ್ತು. ಅಕ್ಷರಗಳು ತುಸು ಬೇಗ ಬರತೊಡಗಿದವು. ನೀನು ಊರೆಲ್ಲ ಹೇಳಿಕೊಂಡು ಬಂದೆ. ಮುಂದಿನ ವಾರ ಪಟ್ಟಿ ಬಂತು. ಅವಳೇ ಪೆಟ್ಟಿಗೆ ತೆರೆದು, ಪಟ್ಟಿಯ ಕಚ್ಚು ನೋಡಿ, ಗೂಡಿನ ಎರಡು ಬದಿಯ ಕಿವಿಗಳು ಟಕ್ಕೆನ್ನುವಂತೆ ಒತ್ತಿ ಕೂರಿಸಿದಳು. ಅಂದಿನಿಂದ, ಲಿಸಾನೆ, ನೀನು ಬಾಯಿ ತೆರೆಯುವ ಮೊದಲೇ ಯಂತ್ರ ಕಾದು ಕುಳಿತಿರುತ್ತಿತ್ತು. ನೀನು ಒಮ್ಮೆಯೂ ತಡವರಿಸದೆ ಹೇಳಿದೆ, ನಾನು ಒಮ್ಮೆಯೂ ಕಾಯದೆ ಬೆರಳಚ್ಚು ಮಾಡಿದೆ.

ಆದರೆ ನನ್ನ ಪಟ್ಟಿ ಪೆಟ್ಟಿಗೆಯ ಕತ್ತಲಲ್ಲಿತ್ತು, ನಿನ್ನ ಪೆನ್‌ಡ್ರೈವ್ ಹೊರಗಿತ್ತು. ಅದರ ತುದಿಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಬಂದವರೆಲ್ಲ ಆ ದೀಪವನ್ನು ನೋಡಿ, “ಮೆರಿಗೇತ ಲಿಸಾನೆ ಹಾಕಿಸಿದ ಕಡ್ಡಿ ಹೇಗೆ ಓಡಿಸ್ತಿದೆ ನೋಡಿ” ಎಂದರು. ದೀಕ್ಷೆ ಪಡೆದ ಒಬ್ಬ ಸೇವಕನು ಅದಕ್ಕೆ ತಲೆಬಾಗಿ ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನು ಕಿತ್ತು ತೋರಿಸಿದರೂ ಯಂತ್ರ ಹೀಗೆಯೇ ಓಡುತ್ತದೆ ಎಂದು ಹೇಳಲು ನನ್ನ ನಾಲಗೆ ತುರಿಸಿತು. ಹೇಳಿದರೆ ಯೆನೇತಾ ಅವರ ಎತ್ತು ಕಡ್ಡಿಯ ಮೇಲೂ ಕರುಬುತ್ತಿದೆ ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಹಸಿರು ದೀಪ ಮಿನುಗಿದಾಗಲೆಲ್ಲ ಭಿಕ್ಷೆಯ ಇಡಿಯ ಇಂಜೆರಾ ನಿನ್ನ ಕೈಗೆ ಬೀಳುವುದು ನನಗೆ ಕಾಣುತ್ತಿತ್ತು.

ಕೆಲಸ ಮುಗಿಯಿತು. ಮರುದಿನ ಮುಂಜಾನೆಯ ಪ್ರಾರ್ಥನೆಗೆ ನೀನು ಬರಲಿಲ್ಲ. ಪೆನ್‌ಡ್ರೈವೂ ಇರಲಿಲ್ಲ. ಯೆನೇತಾ ತಮ್ಮ ಪುಸ್ತಕವನ್ನು ಕೊರಳಿಗೆ ತೂಗುಹಾಕಿಕೊಳ್ಳುತ್ತಿದ್ದ ತೊಗಲಿನ ಚೀಲದಲ್ಲಿ ಅದನ್ನಿಟ್ಟು ನೀನು ಮೊದಲ ಬಸ್ಸಿಗೆ ಗೊಂದರಿಗೆ ಹೋದೆಯೆಂದು ಬಸ್ಸಿನ ಬಳಿಯವರು ಹೇಳಿದರು. ನಾನು ಪದಪದವೂ ಬೆರಳು ಸವೆಸಿದ ಗ್ರಂಥವನ್ನು ನೀನು ಕೊರಳಲ್ಲಿ ಹಾಕಿಕೊಂಡು ಒಬ್ಬನೇ ಹೋದೆ ಎಂದು ನಾನು ತಿಳಿದೆ. ನೀನೂ ಹಾಗೆಯೇ ತಿಳಿದಿದ್ದೆ. ನಾನು ಅಕ್ಷರ ಒತ್ತಿದಾಗಲೆಲ್ಲ ದೀಪ ಮಿನುಗುತ್ತಿತ್ತಲ್ಲವೆ, ಅಕ್ಷರವೆಲ್ಲ ಅದರೊಳಗೇ ಹೋಗುತ್ತಿದೆಯೆಂದು ನಮ್ಮಿಬ್ಬರಿಗೂ ನಂಬಿಕೆ. ಆದರೆ ನನಗೆ ಇನ್ನೊಂದು ನಂಬಿಕೆಯೂ ಇತ್ತು: ಪುಸ್ತಕ ಕಡ್ಡಿಯಲ್ಲಿದ್ದರೆ ನೆನಪಿನ ಪಟ್ಟಿಯಲ್ಲಿ ಇನ್ನೂ ಚೆನ್ನಾಗಿ ಇರಲೇಬೇಕು. ನೆನಪೆಂದಲ್ಲವೆ ಅದರ ಹೆಸರು? ಪೆಟ್ಟಿಗೆ ತೆರೆದೆ, ಯೆಷಿಮೆಬೆತ್ ತೋರಿಸಿದಂತೆ ಎರಡೂ ಕಿವಿ ಸರಿಸಿದೆ, ಪಟ್ಟಿಯನ್ನು ಎಬ್ಬಿಸಿ ನನ್ನ ಹಬ್ಬದ ಬಿಳಿಯ ಹೊದಿಕೆಯಲ್ಲಿ ಸುತ್ತಿ ಮುಂದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ಎದೆಗವಚಿಕೊಂಡಿದ್ದೆ. ಪಕ್ಕದ ಹೆಂಗಸು, “ಯಾವ ಸಂತರ ಅವಶೇಷ, ತಂದೆಯವರೇ? ಮುಟ್ಟಿ ಕಣ್ಣಿಗೊತ್ತಿಕೊಳ್ಳಲಾ?” ಎಂದು ಕೇಳಿದಳು. ಬೇಡವೆಂದೆ.

ಧರ್ಮಾಧ್ಯಕ್ಷರ ಕೋಣೆಯಲ್ಲಿ ನಾವು ಎದುರುಬದುರಾದ ಗಳಿಗೆಯನ್ನು ನೀನು ಮರೆತಿರಲಾರೆ. ನಿನ್ನ ಪೆನ್‌ಡ್ರೈವನ್ನು ಆಗಲೇ ಅವರ ಕಂಪ್ಯೂಟರಿಗೆ ಹಾಕಿಯಾಗಿತ್ತು. ಅದರಲ್ಲಿ ಒಂದೇ ಒಂದು ಕಡತವಿತ್ತು, ಅದು ತೆರೆಯುತ್ತಿರಲಿಲ್ಲ. ನಿನ್ನ ಮುಖ ಬೂದಿಯಾಗಿತ್ತು. ನಾನು ವಿಜಯದಿಂದ ಹೊದಿಕೆಯನ್ನು ಬಿಚ್ಚಿ ಪಟ್ಟಿಯನ್ನು ಅವರ ಪಾದದ ಬಳಿ ಇಟ್ಟೆ. ಅಂಗಡಿಯಿಂದ ಓಡಿಬಂದ ಯೆಷಿಮೆಬೆತ್ ಎರಡನ್ನೂ ನೋಡಿ ಗೋಡೆಗೆ ಒರಗಿಕೊಂಡಳು. ನಗು ತಡೆಯಲು ಬಾಯಿಗೆ ಸೆರಗಿಟ್ಟುಕೊಂಡದ್ದು ನೆನಪಿದೆಯೆ?

“ದೊಡ್ಡಪ್ಪಾ, ಇದರಲ್ಲಿರೋದು ಯಂತ್ರ ತನ್ನ ಅನುಕೂಲಕ್ಕೆ ಇಟ್ಕೊಂಡಿರೋ ನಕಲು, ಅದೂ ಗುಟ್ಟಿನ ಬರಹ. ಆ ಯಂತ್ರ ಬಿಟ್ರೆ ಬೇರೆ ಯಾವುದಕ್ಕೂ ಓದೋಕಾಗಲ್ಲ. ಮೆರಿಗೇತಾ, ನಿಮ್ಮದು ಇನ್ನೂ ಚೆಂದ. ಕರೆಂಟ್ ನಿಲ್ತಿದ್ದ ಹಾಗೇ ಈ ಪಟ್ಟಿ ಎಲ್ಲಾ ಮರೆತುಬಿಡುತ್ತೆ. ನಿಮ್ಮ ಪುಸ್ತಕ ಗೋರ್ಗೋರದಲ್ಲಿ, ಆ ಪೆಟ್ಟಿಗೆಯೊಳಗಿನ ಡಿಸ್ಕಲ್ಲಿ ಹಾಯಾಗಿ ಕೂತಿದೆ. ಕಣಜ ಬಿಟ್ಟು ಒಬ್ರು ಬುಟ್ಟಿ ತಂದ್ರಿ, ಒಬ್ರು ಒಲೆಕಟ್ಟೆ ಕಿತ್ಕೊಂಡು ಬಂದ್ರಿ.”

ಧರ್ಮಾಧ್ಯಕ್ಷರು ನಗಲಿಲ್ಲ. “ಯಂತ್ರದ ಮಾತು ಇರಲಿ. ಯೆನೇತಾ ಯಂತ್ರಕ್ಕೆ ಪಾಠ ಹೇಳಿದ್ರಾ? ಯಾರ ಬಾಯಲ್ಲಿದೆ, ಅವರು ಹೇಳಿ” ಎಂದರು. ನೀನು ಪ್ರಾರ್ಥನೆಯ ಊರುಗೋಲಿನ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿದೆ. ನೋಹನ ವಾಚನವನ್ನೇ ಎತ್ತಿಕೊಂಡೆ. ಆ ಧ್ವನಿ, ಲಿಸಾನೆ. ಕೋಣೆಯಲ್ಲಿದ್ದ ಗುಮಾಸ್ತರೂ ಎದ್ದು ನಿಂತರು. ನಾವೆಯಿಂದ ಬಿಟ್ಟ ಪಾರಿವಾಳ ಎಲೆ ಕಚ್ಚಿಕೊಂಡು ಹಿಂತಿರುಗಿದ್ದೇಕೆ ಎಂಬಲ್ಲಿಗೆ ಬಂದೆ. ‘ಒಬ್ಬರು ಹೀಗೆನ್ನುವರು: ನೀರು ಇಳಿದುದನ್ನು ನೋಹನಿಗೆ ತಿಳಿಸಲು. ಮತ್ತೊಬ್ಬರು ಹೀಗೆನ್ನುವರು: ಒಳಗೆ ಕಾದಿದ್ದ ಜೊತೆಹಕ್ಕಿಗೆ ತೋರಿಸಲು.’ ಆಮೇಲೆ ನಿಂತೆ. ಎಲ್ಲರೂ ಅದು ಯೆನೇತಾ ಅವರಂತೆ ನಿಲ್ಲಿಸುವ ಕ್ರಮವೆಂದು ತಿಳಿದರು. ನಾನು ನಿನ್ನ ಬೆರಳುಗಳನ್ನು ನೋಡಿದೆ. ಅವು ಊರುಗೋಲಿನ ಮೇಲೆ ಏನನ್ನೋ ಹುಡುಕುತ್ತಿದ್ದವು. ಹಕ್ಕಿಯ ಕೊಕ್ಕಿನಿಂದ ಕಾಳು ಜಾರಿತ್ತು.

ನಾನು ಮೂರನೆಯ ಅರ್ಥವನ್ನು ಹೇಳಿದೆ. ಗಟ್ಟಿಯಾಗಿ, ಅಗಿದು, ಪೂರ್ತಿಯಾಗಿ ಹೇಳಿದೆ. ನಿನಗೆ ಕೈ ಕೊಡಲು ಹೇಳಿದೆನೆಂದು ನೀನು ತಿಳಿದಿದ್ದರೆ ಅದು ನಿನ್ನ ದೊಡ್ಡತನ. ಇದು ನನ್ನಲ್ಲಿದೆ, ಇವನಲ್ಲಿಲ್ಲ, ನೋಡಿ ಎಂದು ಆ ಕೋಣೆಗೆ ತೋರಿಸಲು ಹೇಳಿದೆ. ಆದರೆ ನನ್ನ ಅದೃಷ್ಟವನ್ನು ನೋಡು. ಧರ್ಮಾಧ್ಯಕ್ಷರು ಕಣ್ಣೊರೆಸಿಕೊಂಡು, “ಸಹಪಾಠಿ ಅಂದ್ರೆ ಹೀಗಿರ್ಬೇಕು. ಎಡವಿದ ಕಡೆ ಹೆಗಲು ಕೊಟ್ಟ. ಎಡವಿದ್ರೂ ನಡೆದವನು ಪೀಠದಲ್ಲಿ ಕೂರಲಿ, ಹೆಗಲು ಕೊಟ್ಟವನಿಗೆ ದೇವರು ಕೊಡಲಿ” ಎಂದರು. ಎಲ್ಲರೂ ನನ್ನ ಕೈಗೆ ಮುತ್ತಿಟ್ಟರು. ನೀನು ನನ್ನನ್ನು ಅಪ್ಪಿಕೊಂಡು, ಈ ಭುಜಕ್ಕೂ ಆ ಭುಜಕ್ಕೂ ಭುಜ ತಾಗಿಸಿ, ಅತ್ತೆ. ನನಗೆ ಜೀವಮಾನದಲ್ಲೇ ಅಷ್ಟು ಹೊಗಳಿಕೆ ಬಂದಿರಲಿಲ್ಲ. ಅಷ್ಟು ಕಹಿಯಾದುದನ್ನು ನಾನು ಉಂಡೂ ಇರಲಿಲ್ಲ.

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದನ್ನು ಅಂದಿನಿಂದ ಅಗಿಯುತ್ತಿದ್ದೇನೆ. “ವೊಲ್ದೆ, ಬಾರೋ. ಪೀಠದ ಪಕ್ಕದಲ್ಲೇ ನಿನಗೊಂದು ಮಣೆ ಹಾಕಿಸಿದ್ದೀನಿ. ಆ ಪಾರಿವಾಳದ್ದು ಮೂರನೇದು ಮತ್ತೆ ಹಾರಿಹೋಯ್ತು ಕಣೋ. ನೀನು ಹೇಳಿದ್ದು ಆವತ್ತು ಸಂಜೆವರೆಗೂ ಇತ್ತು. ಬೇರೆ ಬೇರೆ ಕಡೇನೂ ಹಾರ್ತಿದೆ. ಯಾರಿಗೂ ಹೇಳಿಲ್ಲ.” ಫೋನಿನಲ್ಲಿ ಉತ್ತರಿಸಿದ್ದರೆ ನನ್ನ ಧ್ವನಿ ನನ್ನ ಗುಟ್ಟನ್ನು ಬಿಟ್ಟುಕೊಡುತ್ತಿತ್ತು, ಆದ್ದರಿಂದ ಸುಮ್ಮನೆ ಮೊಣಕಾಲಿನ ಮಾತೆತ್ತಿದೆ.

ನನ್ನ ಉತ್ತರ ಇದು. ಆ ಮಣೆಗೆ ನಾನು ಬರಲಾರೆ. ನಿನ್ನ ಪಕ್ಕಕ್ಕೆ ಚುಚ್ಚಿದ ಪೆನ್‌ಡ್ರೈವಿನಂತೆ, ನೀನು ನಿಂತಲ್ಲೆಲ್ಲ ಮಿನುಗುತ್ತ, ಊರವರ ಬಾಯಲ್ಲಿ ಒಳ್ಳೆಯವನೆನಿಸಿಕೊಳ್ಳುತ್ತ ಕೂರಲಾರೆ. ಇಷ್ಟು ವರ್ಷ ನಿನ್ನ ನೆನಪಿನ ಮೇಲೆ ಕರುಬಿದವನು ನಾನು. ಈಗ ಅದು ಸೋರುತ್ತಿದೆಯೆಂದು ನೀನು ನನಗೊಬ್ಬನಿಗೇ ಹೇಳಿದರೆ, ಈ ಕಿಚ್ಚನ್ನು ಎಲ್ಲಿಡಲಿ? ಅದಕ್ಕೂ ನಿನ್ನ ಮೇಲೆ ಸಿಟ್ಟು ಬರುತ್ತದೆ. ಕಳೆದುಕೊಳ್ಳುವುದರಲ್ಲೂ ನೀನೇ ಮೊದಲಾದೆ. ನಾನು ಇನ್ನೂ ಮೂಲೆಯಲ್ಲಿ ಮಲಗಿ ಅಗಿಯುತ್ತಿದ್ದೇನೆ, ಒಂದು ಕಾಳೂ ಹೋಗಿಲ್ಲ.

ಧರ್ಮಾಧ್ಯಕ್ಷರ ಕೋಣೆಯಿಂದ ಯೆಷಿಮೆಬೆತ್ ಚೀಲಸಮೇತ ಇಲ್ಲಿಗೆ ತಂದ ನಿನ್ನ ಪೆನ್‌ಡ್ರೈವನ್ನೇ ಅವಳ ಕೈಯಲ್ಲಿ ಈ ಪತ್ರದೊಡನೆ ಕಳುಹಿಸುತ್ತಿದ್ದೇನೆ, ಯೆನೇತಾ ಅವರ ತೊಗಲಿನ ಚೀಲದಲ್ಲೇ ಇಟ್ಟಿದ್ದೇನೆ. ಹಳೆಯದನ್ನೆಲ್ಲ ಅಳಿಸಿ, ಇಡಿಯ ವ್ಯಾಖ್ಯಾನವನ್ನು ಅವಳು ನನ್ನೆದುರೇ ಅದರೊಳಗೆ ತುಂಬಿಸಿದ್ದಾಳೆ. ಈಗ ಯಾವ ಯಂತ್ರದಲ್ಲಿ ಬೇಕಾದರೂ ತೆರೆಯುತ್ತದೆ. ಧರ್ಮಾಧ್ಯಕ್ಷರಿಗೆ ಒಪ್ಪಿಸು. ಮರೆತಲ್ಲಿ ತೆರೆದು ಓದು, ಯಾರೂ ನೋಡದಂತೆ ಓದು. ಪಟ್ಟಿಯನ್ನು ಮತ್ತೆ ಪೆಟ್ಟಿಗೆಯಲ್ಲಿ ಕೂರಿಸಿದ್ದಾಳೆ, ನಮ್ಮ ಯಂತ್ರ ಚೆನ್ನಾಗಿ ಓಡುತ್ತಿದೆ.

ಆದರೆ ಪಾರಿವಾಳದ ಮೂರನೆಯ ಅರ್ಥ ಆ ಪೆನ್‌ಡ್ರೈವಿನಲ್ಲಿಲ್ಲ. ಅಲ್ಲಿ ನಾಲ್ಕು ಬೆರಳಗಲ ಜಾಗ ಬಿಡಿಸಿದ್ದೇನೆ. ಗ್ರಂಥಕ್ಕೆ ದ್ರೋಹವಾಗಬಾರದೆಂದು ಆ ಸಾಲು ಇಲ್ಲಿಯ ಯಂತ್ರದಲ್ಲಿ ಭದ್ರವಾಗಿದೆ, ನನ್ನ ಬಾಯಲ್ಲೂ ಇದೆ. ಈ ಪತ್ರದಲ್ಲಿಯೂ ಬರೆಯುವುದಿಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಅದು ಬೇಕೆನಿಸಿದರೆ ಪೀಠದಿಂದಿಳಿದು ಗೋರ್ಗೋರಕ್ಕೆ ಬರಬೇಕು. ಬಂದು ನನ್ನ ಜಗಲಿಯಲ್ಲಿ, ನನಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂರಬೇಕು. ಆ ದಿನ ಮೊದಲ ಎರಡನ್ನು ನೀನು ನನಗೆ ಹೇಳು, ನಿನ್ನ ಆ ಧ್ವನಿಯಲ್ಲಿ. ಮೂರನೆಯದು ಮರುದಿನ. ಹೇಗೂ ರಾತ್ರಿ ಉಳಿಯಲೇಬೇಕಾಗುತ್ತದೆ. ಅಸ್ನಾಕೆಚ್ ಹಾಸಿಗೆ ಹಾಕುತ್ತಾಳೆ. ಬರುವಾಗ ಸೌದೆ ತೆಗೆದುಕೊಂಡು ಬಾ.

ಯೆನೇತಾ ಗೆಬ್ರೆ ಅಬ್ ಅವರ ಆತ್ಮ ನೀತಿವಂತರ ನಡುವೆ ನೆಮ್ಮದಿಯಾಗಿರಲಿ. ಧರ್ಮಾಧ್ಯಕ್ಷರ ಕಣ್ಣುಗಳಿಗೆ ದೇವರು ಇನ್ನಷ್ಟು ಸರಳತೆಯನ್ನು ಕೊಡಲಿ. ಯೆಷಿಮೆಬೆತ್‌ಳ ಅಂಗಡಿಯ ಬಾಗಿಲು ತೆರೆದೇ ಇರಲಿ, ಅಸ್ನಾಕೆಚ್‌ಳ ಒಲೆ ಆರದಿರಲಿ. ನಿನ್ನ ಮುಂದೆ ಇಂದಿನಿಂದ ಕುಳಿತುಕೊಳ್ಳುವ ಕುರಿದೊಗಲಿನ ಮಕ್ಕಳಿಗೆ ಒಳ್ಳೆಯ ನೆನಪೂ, ನಾಯಿಗಳಿಲ್ಲದ ಬಾಗಿಲುಗಳೂ ದೊರೆಯಲಿ. ನಿನ್ನಲ್ಲಿ ಉಳಿದಿರುವುದನ್ನು ಮಿಕಾಯೇಲನು ಕಾಯಲಿ; ನನ್ನಲ್ಲಿ ಉರಿಯುತ್ತಿರುವುದನ್ನು ನೀನು ತರುವ ಸೌದೆಯ ಜೊತೆಗೆ ಉರಿದು ಬೂದಿಯಾಗುವಂತೆ ಆತನೇ ಮಾಡಲಿ. ಆಮೆನ್.

ಎಂದೆಂದೂ ನಿನ್ನ ಎಡಗಡೆಯಲ್ಲಿ ಕುಳಿತವನು,
ವೊಲ್ದೆ ತಿನ್ಸಾಯೆ